ಸ್ವಿಚ್ ಆಫ್ ಅನ್ನೋರು

ನನ್ನ ಕೆಲಸದಲ್ಲಿ ನಗು ಬರುವಂಥದ್ದು ಏನಾದರೂ ಆಗುತ್ತಲೇ ಇರುತ್ತೆ. ಮೊದಲೆಲ್ಲ ಮನೆಗೆ ಬಂದು ಹೆಂಡತಿಗೆ ಹೇಳ್ತಿದ್ದೆ. ಹೋದ ವರ್ಷ ಅವಳು ತೀರಿಕೊಂಡಳು. ಅದಕ್ಕೇ ಬರೀತಿದ್ದೀನಿ.

ನಾನು ಹೆಚ್ಚು ಓದಿದವನಲ್ಲ. ಊರು ಬಿಟ್ಟು ಈ ದೇಶಕ್ಕೆ ಬಂದು, ಪಂಗಾನಿ ಅನ್ನೋ ಪೇಟೆಯಲ್ಲಿ ಕಾರುಗಳ ವೈರಿಂಗ್ ಮಾಡ್ತಿದ್ದೆ. ಹಳೇ ಕಾಲದ ವಿಮಾನಗಳನ್ನು ಕೂಡಿಡುವ ಸಾಹುಕಾರರೊಬ್ಬರು ಇದಕ್ಕೆ ಹಚ್ಚಿದರು. ಅವುಗಳ ಎಂಜಿನ್‌ಗೆ ಬ್ಯಾಟರಿ, ಕಾಯಿಲ್ ಇಟ್ಟು ಕಿಡಿ ಹಾರುವ ಹಾಗೆ ಮಾಡಿಕೊಡಬೇಕು.

ಹೊಲಿಗೆ ಮಿಷನ್

ಕಾಯಿಲ್‌ಗೆ ಕೂದಲೆಳೆಯಂಥ ತಂತಿ ಸುತ್ತಬೇಕು. ಮೊದಲನೇದನ್ನು ಹೆಂಡತಿಯ ಹೊಲಿಗೆ ಮಿಷನ್ ಚಕ್ರದಲ್ಲಿ ಸುತ್ತಿದೆ. ಸಾಹುಕಾರರು ನೋಡಿ, ಇಷ್ಟು ನೀಟಾಗಿದೆ, ಯಾವ ದೇಶದ ಮಿಷನ್ ಅಂತ ಕೇಳಿದರು. ಇವಳು ಟೀ ತಂದಿಟ್ಟು ಅಂದಳು, "ನನ್ನ ಬ್ಲೌಸ್ ಮಿಷನ್ನು. ಎಂಜಿನ್ ಓಡದಿದ್ರೆ ವಾಪಸ್ ತನ್ನಿ, ತೋಳು ಇಟ್ಟು ಕೊಡ್ತೀನಿ."

ತೂಕ

ಬ್ಯಾಟರಿ ಭಾರ, ವಿಮಾನ ಮೇಲೇಳಲ್ಲ ಅಂತ ಸಾಹುಕಾರರ ತಕರಾರು. ತಿಂಗಳುಗಟ್ಟಲೆ ವಿಮಾನದ ಶೆಡ್ಡಿನಲ್ಲೇ ಕೂತು, ತಲೆ ಕೆಡಿಸಿಕೊಂಡು ಸಣ್ಣದು ಮಾಡಿದೆ. ಅಷ್ಟರಲ್ಲಿ ಅವರು ಊರಿಗೆ ಹೋಗಿ, ಮದುವೆಗಳ ಊಟ ಉಂಡು ಬಂದಿದ್ದರು. ಸೀಟಿನಲ್ಲಿ ಕೂರಿಸೋಕೆ ಇಬ್ಬರು ತಳ್ಳಬೇಕಾಯಿತು. ಶೆಡ್ ಕಾಯುವ ಅಸ್ಕಾರಿ ನನ್ನನ್ನು ಫುಂಡಿ ಅಂತಾನೆ, ಇಲ್ಲಿಯವರ ಮಾತಲ್ಲಿ ಮೇಸ್ತ್ರಿ. ಅವನು ಬ್ಯಾಟರಿ ನೋಡಿದ, ಅವರನ್ನು ನೋಡಿದ. ನನ್ನ ಕಿವಿಯಲ್ಲಿ, "ಫುಂಡಿ, ಸಣ್ಣ ಮಾಡಬೇಕಾಗಿದ್ದು ಇದನ್ನಲ್ಲ" ಅಂದ.

ಇದನ್ನು ಅವಳಿಗೆ ಹೇಳಬೇಕು ಅಂತ ಮನೆಗೆ ಓಡಿ ಬಂದೆ. ಬೀಗ ತೆಗೆದ ಮೇಲೆ ನೆನಪಾಯಿತು.

ಆಫ್

ವಿಮಾನದವರಲ್ಲಿ ಒಂದು ಪದ್ಧತಿ. ವಿಮಾನದ ಮೂತಿಯ ಫ್ಯಾನಿಗೆ, ವೈರಿಗೆ ಕೈ ಹಾಕೋ ಮುಂಚೆ "ಸ್ವಿಚ್ ಆಫಾ?" ಅಂತ ಕೂಗಬೇಕು. ಇನ್ನೊಬ್ಬರು "ಆಫ್" ಅನ್ನಬೇಕು. ಪಾರ್ಕ್‌ಲ್ಯಾಂಡ್ಸ್‌ನ ನಮ್ಮ ಫ್ಲ್ಯಾಟಿನಲ್ಲೂ ಹಾಗೇ. ನಾನು ಕೆಲಸ ಮಾಡುವ ಮೇಜಿನ ಸ್ವಿಚ್ ಅಡುಗೆಮನೆ ಬಾಗಿಲಲ್ಲಿ, ನನ್ನ ಬೆನ್ನ ಹಿಂದೆ. ನಾನು ಕೂಗ್ತಿದ್ದೆ, ಅವಳು ಒಳಗಿಂದ "ಆಫ್" ಅಂತಿದ್ದಳು.

ಅವಳು ಹೋದಮೇಲೆ ಮನೆಯ ಮೇಜಿಗೆ ಕೂತರೆ ನನ್ನ ಕೈ ವೈರಿಗೆ ಹೋಗಲಿಲ್ಲ. ಎದ್ದು ನೋಡಿದರೆ ಸ್ವಿಚ್ ಆಫ್ ಆಗೇ ಇರ್ತಿತ್ತು. ಆದರೂ ಆಗಲಿಲ್ಲ. ಅರ್ಧ ಮಾಡಿದ ಕಾಯಿಲ್ ಮೇಜಿನ ಮೇಲೆ ಧೂಳು ಹಿಡೀತು. ಬೇರೆಯವರಿಗೆ ಕೊಡ್ತೀನಿ ಅಂತ ಸಾಹುಕಾರರು ಫೋನ್ ಮಾಡಿದರು.

ಅವತ್ತು ಮಧ್ಯಾಹ್ನ ಮೇಜಿಗೆ ಕೂತೆ. ಅಭ್ಯಾಸಬಲ, "ಸ್ವಿಚ್ ಆಫಾ?" ಅಂತ ಕೂಗಿಬಿಟ್ಟೆ.

"ಆಫ್" ಅಂತ ಹೆಣ್ಣು ದನಿ ಬಂತು.

ವೈರ್ ಹಿಡಿದೆ. ಮರುಕ್ಷಣ ಕುರ್ಚಿ ಒಂದು ಕಡೆ, ನಾನು ಒಂದು ಕಡೆ. ಅವತ್ತು ಸ್ವಿಚ್ ಆನ್ ಇತ್ತು.

ದನಿ ಬಂದಿದ್ದು ಕೆಳಗಿನ ಮನೆ ಕಿಟಕಿಯಿಂದ. ಅಲ್ಲಿರೋರು ಮಂಗಳೂರಿನವರು, ರಿಟೈರ್ಡ್ ಟೀಚರ್. ಕೈ ಉಜ್ಜಿಕೊಳ್ತಾ ಇಳಿದು ಹೋದೆ. ನೋಡದೆ ಯಾಕೆ ಹೇಳಿದ್ರಿ ಟೀಚರ್ ಅಂತ ಕೇಳಿದೆ.

"ಇಲ್ಲಿಂದ ಹೇಗೆ ಕಾಣ್ತದೆ ಮಾರಾಯ್ರೆ? ನೀವು ಕೂಗಿದ್ರಿ, ಯಾರೂ ಹೇಳುವವರಿಲ್ಲ ಅಂತ ಪಾಪ ಕಂಡಿತು."

"ನಮ್ಮನೆಯವಳು ನೋಡಿ ಹೇಳ್ತಿದ್ದಳು."

ಟೀಚರ್ ನನ್ನ ಮುಖವನ್ನೇ ನೋಡಿದರು. "ಅವರಿಗೆ ಆ ಸ್ವಿಚ್ ಯಾವುದಂತಲೇ ಗೊತ್ತಿರಲಿಲ್ಲ. ಆಫ್ ಅನ್ನದಿದ್ರೆ ಇವರು ಕೆಲಸ ಮುಗಿಸಿ ಊಟಕ್ಕೆ ಏಳುವುದಿಲ್ಲ ಅಂತಿದ್ರು."

ಇಷ್ಟು ವರ್ಷ ನಾನು ಬದುಕಿದ್ದು ಹೇಗೆ ಅಂತ ಲೆಕ್ಕ ಹಾಕಿದೆ. ನಗು ಬಂತು. ಕಣ್ಣಲ್ಲಿ ನೀರು ಬರೋವರೆಗೂ ನಕ್ಕೆ. ಟೀಚರ್ ತಟ್ಟೆಗೆ ಅನ್ನ, ಮೀನಿನ ಸಾರು ಬಡಿಸಿದರು. ಮೀನು ತಿನ್ನಲ್ಲ ಅಂದೆ. ಉಪ್ಪಿನಕಾಯಿ ಹಾಕಿದರು.

ಉಂಡು ಮೇಲೆ ಬಂದೆ. ಧೂಳು ಒರೆಸಿ ಮೇಜಿಗೆ ಕೂತು ಕೂಗಿದೆ, "ಸ್ವಿಚ್ ಆಫಾ?"

"ಆಫ್," ಅಂದರು ಟೀಚರ್ ಕೆಳಗಿಂದ. "ಆದ್ರೆ ನೀವೇ ಒಮ್ಮೆ ನೋಡಿ."