ಪ್ಯಾಂಟು ಬಿಟ್ಟುಕೊಟ್ಟ ಚೌಕಾಸಿ

ಚೌಕಾಸಿ ಮಾಡಲು ಬಾರದವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಅಂಗಡಿಯವನು ಹೇಳಿದ ಬೆಲೆಗೆ ತಲೆಯಾಡಿಸಿ ಬರುವುದಾದರೆ ಮಾರ್ಕೆಟ್ಟಿಗೆ ಹೋಗುವುದಾದರೂ ಯಾಕೆ? ನಾನು ಓದಿದ್ದು ಎರಡನೇ ಕ್ಲಾಸು. ಆದರೂ ಶಿವಾಜಿನಗರದಲ್ಲಿ ನನಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ ಎಂದು ವಠಾರದ ತುಂಬ ಹೇಳಿಕೊಂಡು ತಿರುಗಿದವಳು. ಈ ಮಳೆಗಾಲದಲ್ಲಿ ಟೋಪಿ ಬಿತ್ತು, ಹಾಕಿದವಳು ನಾನೇ. ಅಷ್ಟಕ್ಕೇ ಮುಗಿದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ.

ನಮ್ಮ ವಠಾರ ಕೆ.ಆರ್. ಪುರದ ಆಚೆ, ಕೆರೆ ಏರಿಯ ಪಕ್ಕ. ಕೆರೆಗೆ ಗಾಳ ಹಾಕಿಕೊಂಡೇ ನಾನು ಮುದುಕಿಯಾದೆ. ಜಿಟಿಜಿಟಿ ಮಳೆ ಹಿಡಿದಾಗ ಜಿಲೇಬಿ ಮೀನು ಎರೆಹುಳುವಿಗೆ ಮುಗಿಬೀಳುತ್ತದೆ. ಆಗ ಮನೆಯಲ್ಲಿ ಕೂತವರು ದಡ್ಡರು. ಪಕ್ಕದ ರೂಮಿನ ಹುಲಿಗೆಮ್ಮ ಕೊಪ್ಪಳದ ಕಡೆಯವಳು, ಮಾರತ್ತಹಳ್ಳಿಯಲ್ಲಿ ಹುಡುಗಿಯರ ಒಂದು ಪೀಜಿ ಹಾಸ್ಟೆಲಿನಲ್ಲಿ ಚಪಾತಿ ಲಟ್ಟಿಸುತ್ತಾಳೆ. ಅವಳಿಗೆ ಗಾಳ ಹಿಡಿಯುವುದನ್ನು ಕಲಿಸಿದವಳೂ ನಾನೇ. ಬೆಳಗಾಗುತ್ತಲೇ ಬಂದು ಎರಡು ಗಂಟೆ ಕೂತು, ಸಿಕ್ಕ ಮೀನನ್ನು ಮಕ್ಕಳ ಸಾರಿಗೆಂದು ನನ್ನ ಕೈಯಲ್ಲಿ ಮನೆಗೆ ಕಳಿಸಿ, ಏರಿಯಿಂದಲೇ ನೇರ ಬಸ್ಸು ಹತ್ತುತ್ತಾಳೆ.

ಮಳೆಗೆ ನಾವು ಮಾಡದ ಉಪಾಯವಿಲ್ಲ. ಛತ್ರಿ ಹಿಡಿದರೆ ಕೋಲು ಹಿಡಿಯಲು ಕೈಯಿಲ್ಲ. ಗೊಬ್ಬರದ ಚೀಲದ ಕೊಪ್ಪೆ ತಲೆಗೆ ಹಾಕಿದರೆ ಗಾಳದ ಬೆಂಡು ಮುಳುಗಿದ್ದೇ ಕಾಣುವುದಿಲ್ಲ. ತೆಳ್ಳನೆಯ ಪ್ಲಾಸ್ಟಿಕ್ ಕೋಟು ತೊಟ್ಟು ಕೋಲು ಎತ್ತಿದರೆ ಕಂಕುಳಲ್ಲಿ ಪರ್ರ್ ಎಂದು ಹರಿಯುತ್ತದೆ. ಈ ಸಲ ಒಳ್ಳೆಯದನ್ನೇ ತರೋಣ ಎಂದು ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಹತ್ತಿ ಇಬ್ಬರೂ ಶಿವಾಜಿನಗರಕ್ಕೆ ಹೋದೆವು.

ಅಂಗಡಿಯವನು ಕೋಟಿನೊಳಗೆ ಒಂದು ಚೊಂಬು ನೀರು ಸುರಿದು, ಮೂಟೆಯ ಹಾಗೆ ಎತ್ತಿ ಹಿಡಿದ. ಒಂದು ಹನಿ ಕೆಳಗೆ ಬೀಳಲಿಲ್ಲ. ಮಾಲು ಮೆಚ್ಚಿದೆ, ಬೆಲೆ ಮೆಚ್ಚಲಿಲ್ಲ. ಜಗ್ಗಾಡಿ ಜಗ್ಗಾಡಿ ಅವನ ಬಾಯಿ ಒಣಗಿತು. ಆಗ ನನಗೆ ಹೊಳೆಯಿತು, ಕೋಟಿನ ಜೊತೆಗೊಂದು ಪ್ಯಾಂಟೂ ಇದೆ!

"ಸೀರೆ ಉಡೋ ಹೆಂಗಸರಿಗೆ ಪ್ಯಾಂಟ್ ಯಾಕಯ್ಯಾ? ಎರಡೂ ಪ್ಯಾಂಟು ನೀನೇ ಇಟ್ಕೋ, ಅದರ ಕಾಸು ಇಳಿಸು."

"ಅರೆ ಅಮ್ಮಾ, ಸೆಟ್ಟು ಇದು! ಪ್ಯಾಂಟ್ ಬಿಟ್ಟು ಹೆಂಗೆ ಕೊಡೋದು?"

ಹುಲಿಗೆಮ್ಮ ಮೆಲ್ಲಗೆ ನನ್ನ ಸೆರಗು ಜಗ್ಗಿದಳು. "ಯವ್ವಾ, ನನಗ ಪ್ಯಾಂಟ್ ಇರ್ಲಿ ಬೇ. ಕೆಲಸಕ್ಕ ಹೋಗಾಕ ಬೇಕಾಗ್ತೈತಿ."

"ನೀನು ಬಾಯಿ ಮುಚ್ಕೊಂಡಿರು" ಎಂದೆ. ಗೆದ್ದೆ. ಬಸ್ಸಿನುದ್ದಕ್ಕೂ ನನ್ನನ್ನು ನಾನೇ ಹೊಗಳಿಕೊಂಡೆ.

ಮಾರನೆಯ ಬೆಳಿಗ್ಗೆಯೇ ಮಳೆ. ಕೋಟು ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ತಲೆ, ಬೆನ್ನು, ಹೊಟ್ಟೆಯ ಮೇಲೆ ಬಿದ್ದ ನೀರನ್ನೆಲ್ಲ ಜಾರಿಸಿ, ಒಂದು ಹನಿಯೂ ಪೋಲಾಗದಂತೆ ನಮ್ಮ ಮಡಿಲಿಗೆ ತಂದು ಸುರಿಯಿತು. ನಿಂತಿದ್ದರೆ ಹೇಗೋ ನಡೆಯುತ್ತಿತ್ತು. ಗಾಳ ಹಾಕುವವರು ಕೂತಿರಬೇಕಲ್ಲ! ಇಬ್ಬರ ಸೀರೆಯೂ ಸೊಂಟದಿಂದ ಕೆಳಗೆ ತೊಪ್ಪೆ. ಹುಲಿಗೆಮ್ಮ ಅದೇ ಸೀರೆಯಲ್ಲಿ ಕೆಲಸಕ್ಕೆ ಹೋದಳು. ಪೀಜಿಯಲ್ಲಿ ಬಟ್ಟೆ ಬದಲಾಯಿಸಲು ಜಾಗವಿಲ್ಲ, ಇರುವ ಎರಡು ಬಚ್ಚಲಿನ ಮುಂದೆ ಹುಡುಗಿಯರ ಸಾಲು.

ಆ ಮಧ್ಯಾಹ್ನವೇ ನಾನು ಯಾರಿಗೂ ಹೇಳದೆ ಶಿವಾಜಿನಗರಕ್ಕೆ ಹೋದೆ. ಅಂಗಡಿಯವನು ನನ್ನ ಮುಖ ಕಂಡೊಡನೆ ಪ್ಯಾಂಟು ತೆಗೆದಿಟ್ಟ. ಬರುತ್ತೇನೆಂದು ಕಾಯುತ್ತಿದ್ದನೋ ಏನೋ. ಹೇಳಿದಷ್ಟು ಕೊಟ್ಟೆ, ಚೌಕಾಸಿ ಮಾಡಲು ಮುಖವಿರಲಿಲ್ಲ. "ಒಂದೇ ಸಾಕಾ ಅಮ್ಮಾ? ನಿಮ್ಮ ಜೊತೆ ಬಂದಿದ್ದ ಅಕ್ಕಂಗೆ?" ಎಂದ.

"ಅವಳಿಗೆ ಬೇಡ" ಎಂದೆ.

ಎರಡು ತಂದಿದ್ದರೆ ನನ್ನ ಚೌಕಾಸಿ ತಪ್ಪಾಗಿತ್ತು ಎಂದು ಒಪ್ಪಿಕೊಳ್ಳಬೇಕಿತ್ತು. ಒಂದಾದರೆ ಸೀರೆಯೊಳಗೆ ಹಾಕಿಕೊಂಡು ಸುಮ್ಮನಿರಬಹುದು. ಹಾಗೆಯೇ ಮಾಡಿದೆ. ನಾನು ಬೆಚ್ಚಗೆ ಕೂತೆ, ಅವಳು ಪಕ್ಕದಲ್ಲಿ ಗಡಗಡ ನಡುಗುತ್ತ ಕೂತಳು.

"ನಿನಗ ಥಂಡಿ ಆಗಂಗಿಲ್ಲೇನ್ ಬೇ ಯವ್ವಾ?"

"ಕೂರೋ ರೀತಿ ಗೊತ್ತಿರ್ಬೇಕು ಕಣೆ. ಮಂಡಿ ಜೋಡಿಸು, ಎಡಕ್ಕೆ ವಾಲು, ಉಸಿರು ಬಿಗಿ ಹಿಡಿ."

ಪಾಪದವಳು, ನಾಲ್ಕು ದಿನ ಮಂಡಿ ಜೋಡಿಸಿ ಎಡಕ್ಕೆ ವಾಲಿಕೊಂಡೇ ಕೂತಳು. ಐದನೆಯ ದಿನ ಪೀಜಿಯ ಯಜಮಾನಿ ಅವಳನ್ನು ಬಾಗಿಲಿನಿಂದಲೇ ವಾಪಸು ಕಳಿಸಿದಳಂತೆ. "ಹಿಂಗೆ ನೀರು ಸುರಿಸ್ಕೊಂಡು ಇನ್ನೊಂದ್ಸಲ ಅಡುಗೆಮನೆಗೆ ಬಂದ್ರೆ ಬೇರೆಯವ್ರನ್ನ ನೋಡ್ಕೋತೀನಿ." ಇದನ್ನು ಹುಲಿಗೆಮ್ಮ ನನಗೆ ಹೇಳಿ, "ನನಗ ಕುಂದ್ರಾಕ ಬರವಲ್ದು ಯವ್ವಾ" ಎಂದು ತನ್ನನ್ನೇ ಬೈದುಕೊಂಡಳು. ಆಗಲಾದರೂ ಹೇಳಬೇಕಿತ್ತು. ಕೆಮ್ಮಿದೆ.

ಮಾರನೆಯ ದಿನವೂ ಮಳೆ ಬಿಡಲಿಲ್ಲ. ನನ್ನ ಗಾಳಕ್ಕೆ ದೊಡ್ಡದೊಂದು ಬಿತ್ತು. ಎದ್ದು ಎಳೆಯಲು ಹೋಗಿ, ಕಾಲು ಜಾರಿ, ಏರಿಯ ಕೆಸರಿನಲ್ಲಿ ಅಂಗಾತ ಬಿದ್ದೆ. ಮೀನು ಹೋಯಿತು, ಸೀರೆ ಮಂಡಿಯ ಮೇಲೇರಿತು. ನೀಲಿ ಪ್ಯಾಂಟು ಫಳಫಳ ಹೊಳೆಯಿತು. ಹುಲಿಗೆಮ್ಮ ಮೊದಲು ನನ್ನನ್ನು ಎತ್ತಿ ಕೂರಿಸಿದಳು. ಆಮೇಲೆ ನೋಡಿದಳು.

"ಎಡಕ್ಕ ವಾಲೂದು ಅಂದ್ರ ಇದನಾ ಬೇ?"

ಅಷ್ಟೇ ಕೇಳಿ, ಹೋಗಿ ತನ್ನ ಗಾಳಕ್ಕೆ ಹುಳು ಸಿಕ್ಕಿಸಿದಳು. ಬೈದಿದ್ದರೆ ತಿರುಗಿ ಬೈಯುತ್ತಿದ್ದೆ, ಅದು ನನಗೆ ಬರುತ್ತದೆ. ಮರದ ಮರೆಗೆ ಹೋಗಿ ಪ್ಯಾಂಟು ಬಿಚ್ಚಿ ತಂದು ಅವಳ ಮಡಿಲಿಗೆ ಹಾಕಿದೆ. "ತಪ್ಪಾಯ್ತು" ಎನ್ನಲು ಬಾಯಿ ತೆರೆದೆ. "ಬೇಗ ಹಾಕ್ಕೊ, ಬಸ್ಸು ತಪ್ಪುತ್ತೆ" ಎಂಬುದು ಬಂತು. ಅವಳು ಸೀರೆ ಹಿಂಡಿ ಒಳಗೆ ಸೇರಿಸಿ, ಮೇಲಿಂದ ಹಾಕಿಕೊಂಡಳು. ಅವತ್ತು ಅಡುಗೆಮನೆಯಲ್ಲಿ ನೀರು ಸುರಿಸದೆ ಚಪಾತಿ ಲಟ್ಟಿಸಿ ಬಂದಳು, ಕೆಲಸ ಉಳಿಯಿತು.

ಇಲ್ಲಿಗಾದರೂ ನಿಲ್ಲಿಸಬೇಕಿತ್ತು. ಸಂಜೆ ನಲ್ಲಿಯ ಹತ್ತಿರ ಹೆಂಗಸರು ಹುಲಿಗೆಮ್ಮನ ಪ್ಯಾಂಟು ಎಲ್ಲಿಯದೆಂದು ಕೇಳಿದರು. ನನ್ನ ನಾಲಿಗೆ ನನ್ನನ್ನು ಕೇಳಲಿಲ್ಲ. "ನಾನೇ ಇವಳಿಗೋಸ್ಕರ ಶಿವಾಜಿನಗರಕ್ಕೆ ಹೋಗಿ ತಂದೆ" ಎಂದುಬಿಟ್ಟೆ. "ಎಷ್ಟು ಒಳ್ಳೇ ಮನಸ್ಸು ಅಜ್ಜಿ ನಿಮ್ದು!" ಎಂದರು. ನಾನು ಕೊಡ ತುಂಬುವುದನ್ನೇ ನೋಡುತ್ತ ನಿಂತೆ. ಹುಲಿಗೆಮ್ಮ ನನ್ನ ಮುಖ ನೋಡದೆ, "ಹೂಂ ರೀ, ನನಗಂತನ ತಂದಾಳ" ಎಂದಳು. ಕೆಸರಿನಲ್ಲಿ ಅಂಗಾತ ಬಿದ್ದಾಗಲೂ ನನಗೆ ಅಷ್ಟು ನಾಚಿಕೆಯಾಗಿರಲಿಲ್ಲ.

ಈಗ ಇನ್ನಿಬ್ಬರಿಗೆ ಮಳೆಕೋಟು ಬೇಕಂತೆ, ನಾನೇ ಆರಿಸಿಕೊಡಬೇಕಂತೆ. ಒಪ್ಪಿಕೊಂಡಿದ್ದೇನೆ, ನನಗೆ ಬುದ್ಧಿ ಎಲ್ಲಿಂದ ಬರಬೇಕು? ಒಬ್ಬಳೇ ಹೋಗುತ್ತೇನೆ ಎಂದೆ.

"ಬ್ಯಾಡ ಯವ್ವಾ, ನಾನೂ ಬರ್ತೀನಿ" ಎಂದಳು ಹುಲಿಗೆಮ್ಮ. "ನೀ ಚೌಕಾಸಿ ಮಾಡು. ನಾ ಪ್ಯಾಂಟು ಹಿಡ್ಕೊಂಡು ನಿಂದರ್ತೀನಿ."