ಗುಳಿಗೆಯ ಹಾಜರಿ ಪುಸ್ತಕ

ನಗಬೇಕಾದ ಪ್ರಸಂಗಗಳು ನಗಲಾರದ ಹೊತ್ತಿನಲ್ಲೇ ಹುಡುಕಿಕೊಂಡು ಬರುತ್ತವೆ. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ದೇವದುರ್ಗದಲ್ಲಿ ಮಾಸ್ತರನಾಗಿದ್ದೆ. ಹೆಂಡತಿಯ ಮೂತ್ರಪಿಂಡಗಳು ಸೋತಿದ್ದವು. ತಿಂಗಳಿಗೊಮ್ಮೆ ಬಸ್ಸಿನಲ್ಲಿ ರಾಯಚೂರಿನ ಡಾಕ್ಟರ ಬಳಿ ಹೋಗುತ್ತಿದ್ದೆವು.

೧. ಸಾಹುಕಾರರ ನೇಮ

ಒಂದು ಸಲ ಅಲ್ಲಿ ನಮಗಿಂತ ಮೊದಲಿನ ಪಾಳಿ ಮಾನ್ವಿಯ ಅಕ್ಕಿ ಗಿರಣಿ ಸಾಹುಕಾರರದು. ಅವರ ರಕ್ತದಲ್ಲಿ ಕೊಲೆಸ್ಟ್ರಾಲ್ ಹೆಚ್ಚಿತ್ತು. ವಿಟಮಿನ್ ಗುಳಿಗೆ ಕೊಬ್ಬು ಕರಗಿಸುತ್ತದೆಂದು ಯಾರೋ ಹೇಳಿದ್ದರಿಂದ ದಿನಾ ಒಂದು ನುಂಗುತ್ತಿದ್ದರು; ಆ ಧೈರ್ಯದ ಮೇಲೆ ಸಂಜೆಯ ಮಂಡಕ್ಕಿ, ಎಣ್ಣೆಯಲ್ಲಿ ಕರಿದ ಮಿರ್ಚಿ ಬಿಟ್ಟಿರಲಿಲ್ಲ.

"ಕೊಲೆಸ್ಟ್ರಾಲ್ ಇದ್ದಲ್ಲೇ ಅದ," ಎಂದರು ಡಾಕ್ಟರು.

"ಹೆಂಗ ಸಾಹೇಬ್ರ? ಮೂರು ತಿಂಗಳು ಒಂದು ದಿನಾನೂ ತಪ್ಪಿಸಿಲ್ಲ."

"ಗುಳಿಗಿನೋ, ಮಿರ್ಚಿನೋ?"

ಸಾಹುಕಾರರು ಸುಳ್ಳಾಡುವವರಲ್ಲ. "ಎರಡೂ ರೀ," ಎಂದರು.

೨. ನಾಲ್ಕು ಮಂದಿ ಮಾಸ್ತರರು

ನಕ್ಕೆನೇನೋ ನಿಜ, ಆದರೆ ಗುಳಿಗೆಯ ಆಸೆ ನನಗೂ ಅಂಟಿತು. ಡಾಕ್ಟರು ಹೆಂಡತಿಗೆ ಉಪ್ಪು ಬಿಡಿಸಿದ್ದರು. ನಾನು ಬಿಡದೆ ಕೇಳಿದ್ದಕ್ಕೆ ವಿಟಮಿನ್ ಸಿ ಗುಳಿಗೆ ದಿನಕ್ಕೊಂದು ಬರೆದರು.

"ನಾಕು ಕೊಟ್ರ ಲಗೂನ ಗುಣ ಆಗೂದಿಲ್ಲೇನ್ರೀ?"

"ಸೋತ ಮೂತ್ರಪಿಂಡಕ್ಕ ಅದೂ ಭಾರ, ಮಾಸ್ತರ. ಒಂದೇ ಕ್ಲಾಸಿಗೆ ನಾಕು ಮಂದಿ ಮಾಸ್ತರು ನುಗ್ಗಿದ್ರ ಹುಡುಗರ ಗತಿ ಏನು?"

ಆ ತಿಂಗಳೆಲ್ಲ ಸಪ್ಪಗಿದ್ದ ಹೆಂಡತಿ ಬಾಯಿಬಿಟ್ಟಳು: "ಒಬ್ಬರನ್ನ ತಡಕೊಳ್ಳೂದ ಸಾಕಾಗೇದ್ರೀ."

೩. ಹಾಜರ್ ರೀ

ಅವಳು ಗುಳಿಗೆ ಮರೆಯಬಾರದೆಂದು ಶಾಲೆಯಂಥದೇ ಒಂದು ಹಾಜರಿ ಪುಸ್ತಕ ಮಾಡಿದೆ. ದಿನಾ ಸಂಜೆ ಅವಳ ಹೆಸರು ಕೂಗುತ್ತಿದ್ದೆ. ಅಡುಗೆಮನೆಯಿಂದ "ಹಾಜರ್ ರೀ" ಎನ್ನುತ್ತಿದ್ದಳು. ಗುರುತು ಹಾಕುತ್ತಿದ್ದೆ. ಕೆಲವು ತಿಂಗಳಲ್ಲಿ ಕಾಲಿನ ಊತ ಇಳಿಯಿತು. ಗುಳಿಗೆಯ ಗುಣವೆಂದು ಸ್ಟಾಫ್ ರೂಮಿನಲ್ಲೂ ಹೇಳಿಕೊಂಡು ತಿರುಗಿದೆ.

ಮರುವರ್ಷ ರೋಗ ಮತ್ತೆ ಏರಿತು. ಅವಳು ಹೋದಳು.

ಕೆಲವು ವಾರಗಳ ಮೇಲೆ ಪಕ್ಕದ ಮನೆಯ ಅಕ್ಕ ಅಡುಗೆಮನೆ ಸ್ವಚ್ಛ ಮಾಡಿಕೊಡಲು ಬಂದರು. ಜಂತಿಗೆ ತೂಗುಹಾಕಿದ್ದ ನೆಲುವಿನಿಂದ ಉಪ್ಪಿನಕಾಯಿ ಜಾಡಿ ಇಳಿಸಿದರು. ಅವಳು ಉಪ್ಪು ಬಿಟ್ಟಂದಿನಿಂದ ಅದು ಖಾಲಿ ಇರಬೇಕಿತ್ತು, ಭಾರವಿತ್ತು. ಕದ್ದು ಉಪ್ಪು ತಿಂದಳೇ ಎಂದು ಅವರ ಕೈಯಿಂದ ಜಾಡಿ ಕಸಿದುಕೊಂಡೆ. ಮುಚ್ಚಳ ತೆಗೆದೆ. ಉಪ್ಪಿನಕಾಯಿಯ ಒಂದು ಹೋಳೂ ಇರಲಿಲ್ಲ. ಕುತ್ತಿಗೆಯ ತನಕ ಕಿತ್ತಳೆ ಬಣ್ಣದ ಗುಳಿಗೆಗಳು, ತೇವಕ್ಕೆ ಒಂದಕ್ಕೊಂದು ಅಂಟಿದ್ದವು.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು, ಅದೇ ಸೆರಗಿನಿಂದ ಕಣ್ಣೂ ಒರೆಸಿಕೊಂಡರು. "ಹುಳಿ ಗುಳಿಗಿ ನಾಲಿಗಿ ಮ್ಯಾಲಿಟ್ರ ಉಪ್ಪಿನಕಾಯಿ ನೆನಪಾಗತಿತ್ತಂತ. ಉಪ್ಪು ಬಿಟ್ಟ ಮ್ಯಾಲ ಅದರ ಆಸಿ ಯಾಕ ಬೇಕು ಅಂತಿದ್ಲು."

"ಮತ್ತ ನನಗ್ಯಾಕ ಹಾಜರ್ ಅಂತಿದ್ಲು?"

"ನೀವು ಗುರುತು ಹಾಕಿದ ಮ್ಯಾಲ ನಿಮ್ಮ ಮುಖ ಹಗುರಾಗತಿತ್ತಂತ, ಮಾಸ್ತರ."

ಊತ ಇಳಿಸಿದ್ದು ಗುಳಿಗೆಯಲ್ಲ, ಅವಳುಂಡ ಸಪ್ಪೆ ಸಾರು. ಒಬ್ಬ ಹುಡುಗನ ಬದಲು ಇನ್ನೊಬ್ಬ ಹಾಜರಿ ಹೇಳಿದರೆ ದನಿಯಿಂದಲೇ ಹಿಡಿಯುತ್ತಿದ್ದವನು ನಾನು. ಮನೆಯಲ್ಲಿ ಒಂದು ದಿನವೂ ಹಿಡಿಯಲಿಲ್ಲ.

ಸುಳ್ಳು ದಾಖಲೆ ಉಳಿಯಬಾರದೆಂದು ಕೆಂಪು ಶಾಯಿ ತೆಗೆದುಕೊಂಡು ತಿದ್ದಲು ಕುಳಿತೆ. ಪುಸ್ತಕದಲ್ಲಿ ಗುಳಿಗೆ ಎಂದು ಎಲ್ಲೂ ಬರೆದಿರಲಿಲ್ಲ. ಅವಳ ಹೆಸರು, ತಾರೀಖು, ಮುಂದೆ ಗುರುತು. ಅಷ್ಟೂ ದಿನ ಅವಳು ಮನೆಯಲ್ಲಿದ್ದಳು. ತಿದ್ದುವಂಥ ತಪ್ಪೇನೂ ಸಿಗಲಿಲ್ಲ.