ಹುರುಳಿ ಬರ್ಫಿನ ಮೇಲೆ ಕೆಂಪು ಗಾಡಿ

ಇಡೀ ಬೆಳಗಾವಿ ಜಿಲ್ಲೆಯಲ್ಲಿ ಬರ್ಫಿನ ಮೇಲೆ ಸ್ಪೋರ್ಟ್ಸ್ ಕಾರು ಓಡಿಸುವವನು ಒಬ್ಬನೇ ಒಬ್ಬ. ಅವನು ನಮ್ಮ ಕಾಕಾ! ಬೈಲಹೊಂಗಲದ ಕಡೆ ಬರ್ಫು ಎಲ್ಲಿಂದ ಬಂತು, ಐಸ್‌ಕ್ಯಾಂಡಿ ಡಬ್ಬಿಯಲ್ಲಿ ಇದ್ದರೆ ಇದ್ದೀತು ಎಂದು ನೀವು ನಗಬಹುದು. ನಾನೂ ನಕ್ಕಿದ್ದೆ. ನಕ್ಕ ತಪ್ಪಿಗೆ ಐದು ವರ್ಷಗಳಿಂದ ಚಳಿಗಾಲದ ಪ್ರತಿ ರವಿವಾರ ಆ ಕಾರಿನ ಹಿಂಭಾಗದಲ್ಲಿ ಜೋಳದ ಚೀಲದ ಬದಲಿಗೆ ಕೂತಿದ್ದೇನೆ. ಅದು ಹೇಗೆಂದು ಹೇಳುತ್ತೇನೆ, ಸ್ವಲ್ಪ ತಡೆಯಿರಿ.

ಕಾಕಾ ಎಂದರೆ ನಮ್ಮಪ್ಪನ ತಮ್ಮ. ಮಿಲಿಟರಿಯಲ್ಲಿ ಲಾರಿ ಡ್ರೈವರ್ ಆಗಿದ್ದವನು. ಲಡಾಖಿನ ಘಟ್ಟಗಳಲ್ಲಿ, ಬಿಟ್ಟ ಉಸಿರು ಮೀಸೆಯಲ್ಲೇ ಗಟ್ಟಿಯಾಗುವಂಥ ಜಾಗಗಳಲ್ಲಿ, ಇಪ್ಪತ್ತೆರಡು ಚಳಿಗಾಲ ಲಾರಿ ಓಡಿಸಿ ನಿವೃತ್ತನಾಗಿ ತನ್ನೂರು ದೊಡವಾಡಕ್ಕೆ ಬಂದ. ನಿವೃತ್ತರಾದ ಸೈನಿಕರು ಸಾಮಾನ್ಯವಾಗಿ ಏನು ಮಾಡುತ್ತಾರೆ? ಬ್ಯಾಂಕಿನ ಬಾಗಿಲಲ್ಲಿ ಬಂದೂಕು ಹಿಡಿದು ಕೂಡುತ್ತಾರೆ, ಇಲ್ಲವೇ ಚಹಾದಂಗಡಿಯಲ್ಲಿ ಕೂತು ದೇಶ ಕಾಯುತ್ತಾರೆ. ನಮ್ಮ ಕಾಕಾ ಒಂದು ದಿನ ಕೊಲ್ಲಾಪುರಕ್ಕೆ ಹೋಗಿ ಸೆಕೆಂಡ್‌ಹ್ಯಾಂಡ್ ಕೆಂಪು ಸ್ಪೋರ್ಟ್ಸ್ ಕಾರು ತಂದುಬಿಟ್ಟ! ಎರಡೇ ಸೀಟು. ಮೇಲಿನ ಟಪ್ಪು ಮಡಚಿ ಹಿಂದಕ್ಕೆ ಹಾಕುವಂಥದು. ಎತ್ತರ ಎಷ್ಟೆಂದರೆ, ಪಕ್ಕದಲ್ಲಿ ನಿಂತ ಎಮ್ಮೆ ತಲೆ ತಗ್ಗಿಸಿ ಅದನ್ನು ನೋಡಬೇಕಾಯಿತು.

ಊರೆಲ್ಲ ಕೂಡಿತು. ಹಿರಿಯರೊಬ್ಬರು ಕಾರಿನ ಸುತ್ತ ಎರಡು ಸುತ್ತು ಹಾಕಿ ನಿಂತರು.

"ಮಿಲ್ಟ್ರಿಯವರ, ಗಾಡಿ ಚಲೋ ಐತ್ರಿ. ಉಳದದ್ದು ಯಾವಾಗ ಬರತೈತಿ?"

"ಯಾವ ಉಳದದ್ದು?"

"ಅಲ್ರೀ, ಹಿಂದಿನ ಸೀಟು, ಮ್ಯಾಲಿನ ಟಪ್ಪು... ಲಾರ್ಯಾಗ ಹಾಕಿ ಕಳಸ್ತಾರೇನು?"

ಈ ಗಾಡಿಯ ದೊಡ್ಡಸ್ತಿಕೆ ಏನೆಂದರೆ, ಇಂಜಿನ್ ಮುಂದಿದ್ದರೂ ಅದರ ಜೋರೆಲ್ಲ ಹಿಂದಿನ ಗಾಲಿಗೆ. ಕಾಕಾ ಇದನ್ನು ಬೇಕಾದವರಿಗೂ ಬೇಡಾದವರಿಗೂ ತಿಳಿಸಿ ಹೇಳುತ್ತಾನೆ. "ಈಗಿನ ಗಾಡಿಗೋಳು ಎತ್ತಿನಂಗ ಮುಂದ ನಿಂತು ಎಳೀತಾವು. ನಮ್ಮ ಗಾಡಿ ಹಿಂದ ನಿಂತು ನೂಕತೈತಿ. ಹಿಂದಿನಿಂದ ನೂಕಾವಗ ಮುಂದ ಏನೈತಿ ಕಾಣಂಗಿಲ್ಲ ನೋಡು. ಅದಕ್ಕ ತಿಳುವಳಿಕಿ ಇದ್ದಾವ ಸ್ಟೇರಿಂಗ್ ಹಿಡೀಬೇಕು." ತಿಳುವಳಿಕೆ ಇಲ್ಲದವನು ಹಿಡಿದರೆ? ನೆಲ ಜಾರಿದರೆ ಸಾಕು, ಗಾಡಿಯ ಹಿಂಭಾಗ ಮುಂಭಾಗಕ್ಕಿಂತ ಮೊದಲು ಊರು ಮುಟ್ಟಲು ನೋಡುತ್ತದೆ. ಬರ್ಫಿನಲ್ಲಿ ಇಂಥ ಗಾಡಿ ಹೊಡೆಯುವುದೇ ಡ್ರೈವರನ ನಿಜವಾದ ಪರೀಕ್ಷೆಯಂತೆ.

ಇನ್ನು ಬರ್ಫಿನ ವಿಷಯಕ್ಕೆ ಬರೋಣ. ಚಳಿಗಾಲದಲ್ಲಿ ದೊಡವಾಡ, ಬೈಲಹೊಂಗಲದ ಕಡೆ ಬಂದವರಿಗೆ ಇದು ಗೊತ್ತು. ಹುರುಳಿ ಕಿತ್ತವರು ಅದನ್ನು ಬಳ್ಳಿಯ ಸಮೇತ ತಂದು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ. ಬಸ್ಸು, ಲಾರಿ, ಟ್ರ್ಯಾಕ್ಟರುಗಳು ಹಾದು ಹಾದು ತಾವಾಗಿಯೇ ಒಕ್ಕಿ ಕೊಡುತ್ತವೆ. ರಸ್ತೆಯ ಮೇಲೆ ರಾಶಿ ಮಾಡಬಾರದು ಎಂಬ ಬೋರ್ಡೂ ಇದೆ. ರಾಶಿ ಮಾಡುವವರು ನೀರಿನ ಕೊಡ ಇಡುವುದು ಆ ಬೋರ್ಡಿನ ನೆರಳಿನಲ್ಲಿಯೇ! ಮೇಲೆ ಮೆತ್ತನೆಯ ಬಳ್ಳಿ, ಅದರಡಿಗೆ ಉದುರಿದ ಗುಂಡನೆಯ ಕಾಳು. ಸೈಕಲ್ಲಿನವರು, ಬೈಕಿನವರು ಅಲ್ಲಿ ಬಿದ್ದು ಎದ್ದು ಮೈ ಕೊಡವಿಕೊಂಡು ಹೋಗುವುದು ವಾಡಿಕೆ. ಮೊದಲ ಚಳಿಗಾಲದಲ್ಲಿ ಆ ರಸ್ತೆ ನೋಡಿದ ಕಾಕಾ ಇಳಿದು, ಬೂಟುಗಾಲಿನಿಂದ ಒತ್ತಿ ನೋಡಿ, ಜಾರಿ, ಸಾವರಿಸಿಕೊಂಡು, ಮುಖ ಅರಳಿಸಿದ.

"ಬರ್ಫ ಐತಲೇ ಇದು! ಕಾಲಿಟ್ರ ಕಾಶ್ಮೀರ!"

ಅಂದಿನಿಂದ ನಮ್ಮ ಮನೆಯಲ್ಲಿ ಹುರುಳಿಗೆ ಬರ್ಫು ಎಂದೇ ಹೆಸರು.

ಬರ್ಫಿಗೆ ತಕ್ಕ ವ್ಯವಸ್ಥೆ ಆಗಬೇಕಲ್ಲ? ಲಡಾಖಿನಲ್ಲಿ ಗಾಲಿಗೆ ಸರಪಳಿ ಸುತ್ತುತ್ತಿದ್ದರಂತೆ. ಕಾಕಾ ದನದ ಕೊಟ್ಟಿಗೆಯಿಂದ ಎರಡು ಸರಪಳಿ ತಂದು ಹಿಂದಿನ ಗಾಲಿಗೆ ಸುತ್ತಿ ಊರೊಳಗಿಂದ ಹೊರಟ. ಝಣ ಝಣ ಝಣ! ಎಮ್ಮೆ ಕಿತ್ತುಕೊಂಡು ಸರಪಳಿ ಎಳೆಯುತ್ತ ಓಡಿದರೆ ಬರುವ ಸದ್ದೂ ಥೇಟ್ ಅದೇ. ಮೂಲೆಮನೆಯ ಹೆಣ್ಣುಮಗಳೊಬ್ಬಳು ಹಿಟ್ಟಿನ ಕೈಯಲ್ಲೇ ಕೋಲು ಹಿಡಿದು, "ಹೋ... ಹೋ... ಹಿಡೀರಿ, ನಮ್ಮ ಎಮ್ಮಿ ಹರಕೊಂಡೈತಿ!" ಎನ್ನುತ್ತ ಓಡಿಬಂದು ಕೆಂಪು ಗಾಡಿಯ ಮುಂದೆ ಕೋಲೆತ್ತಿ ನಿಂತಳು. ಕಾಕಾ ಗಂಭೀರವಾಗಿ ಕೈಯೆತ್ತಿ ಸೆಲ್ಯೂಟ್ ಹೊಡೆದು ಮುಂದೆ ಹೋದ. ಸರಪಳಿ ಮರುದಿನವೇ ಕೊಟ್ಟಿಗೆಗೆ ವಾಪಸು ಬಂತು.

ಆದರೆ ಒಂದು ಮಾತು ಹೇಳಲೇಬೇಕು. ಆ ಮನುಷ್ಯ ಹುರುಳಿಯ ಮೇಲೆ ಗಾಡಿ ಹೊಡೆಯುವುದನ್ನು ನೋಡಬೇಕು! ಗಡಿಬಿಡಿ ಇಲ್ಲ, ಗದ್ದಲ ಇಲ್ಲ. ಎರಡನೇ ಗೇರು, ಸ್ಟೇರಿಂಗಿನ ಮೇಲೆ ಎರಡೇ ಬೆರಳು. ಹಿಂಭಾಗ ಎಡಕ್ಕೆ ಜಾರಲು ಮನಸ್ಸು ಮಾಡುವ ಮೊದಲೇ ಅವನಿಗೆ ಗೊತ್ತಾಗಿರುತ್ತದೆ. "ಇದೆಲ್ಲಾ ಹೆಂಗ ಬಂತು ಕಾಕಾ?" ಎಂದು ಕೇಳಿದೆ.

"ಫೌಜಿನಾಗ ನಮ್ಮ ಉಸ್ತಾದ ಹೇಳತಿದ್ದ, ಎಕ್ಸಲೇಟರಿಗೂ ಕಾಲಿಗೂ ನಡುವ ಒಂದು ತತ್ತಿ ಐತಿ ಅಂತ ತಿಳಕೋರಿ, ಅದು ಒಡೀಬಾರದು ಅಂತ. ನಾವು ತತ್ತಿ ಮುಟ್ಟಾವರಲ್ಲ. ಅದಕ್ಕ ನಾ ಹಪ್ಪಳ ಅಂತ ತಿಳಕೊಂಡೆ."

ಭಾರತೀಯ ಸೇನೆಯಲ್ಲಿ ಇಪ್ಪತ್ತೆರಡು ವರ್ಷ ಹಪ್ಪಳದ ಮೇಲೆ ಲಾರಿ ಓಡಿಸಿದವನು ಇವನೊಬ್ಬನೇ ಇರಬೇಕು.

ಇಷ್ಟಾದರೂ ಹಿಂದಿನ ಗಾಲಿಯ ಗಾಡಿಗೆ ಹಿಂದೆ ಭಾರ ಬೇಕು. ಭಾರ ಇಲ್ಲದಿದ್ದರೆ ಗಾಲಿ ನಿಂತಲ್ಲೇ ತಿರುಗುತ್ತದೆ. ಕಾಕಾ ಡಿಕ್ಕಿಯಲ್ಲಿ ಜೋಳದ ಚೀಲ ಇಟ್ಟ. ಮೂರನೇ ದಿನ ಅದನ್ನು ಕಾಕು, ಅಂದರೆ ಅವನ ಹೆಂಡತಿ, ಗಿರಣಿಗೆ ಕಳಿಸಿಬಿಟ್ಟಳು. "ರೊಟ್ಟಿಗೆ ಜೋಳ ಇಲ್ಲ, ಗಾಡಿಗೆ ಜೋಳ ಬೇಕೇನ್ರಿ?" ಅದೇ ಹೊತ್ತಿಗೆ ನಾನು, ಬೈಲಹೊಂಗಲದ ಒಬ್ಬ ಬಡ ಹೈಸ್ಕೂಲು ಮಾಸ್ತರ, ಅವರ ಮನೆಗೆ ಕಾಲಿಟ್ಟೆ. ಕಾಕಾ ನನ್ನನ್ನು ಮೇಲಿನಿಂದ ಕೆಳಗೆ ನೋಡಿದ.

"ಎಷ್ಟ ತೂಕ ಅದಿಯಪಾ?"

"ತೊಂಬತ್ತೆರಡು ಕಿಲೋ ಕಾಕಾ. ಡಾಕ್ಟರ ಕಡಿಮಿ ಮಾಡ್ರಿ ಅಂದಾರ."

"ಏ, ಮಾಡಬ್ಯಾಡ! ಡಾಕ್ಟರಗ ಹಿಂದಿನ ಗಾಲಿ ಬಗ್ಗೆ ಏನ ಗೊತ್ತೈತಿ?"

ನನ್ನ ಮೈಯನ್ನು ಜೀವನದಲ್ಲಿ ಹೀಗೆ ಮನಸಾರೆ ಮೆಚ್ಚಿದವರು ಇನ್ನೊಬ್ಬರಿಲ್ಲ! ಅಂದಿನಿಂದ ನಾನು ಮಡಚಿದ ಟಪ್ಪಿನ ಮೇಲೆ, ಎರಡೂ ಸೀಟುಗಳ ಹಿಂದೆ, ಕಾಲು ಮಡಚಿಕೊಂಡು ಕೂಡುತ್ತ ಬಂದಿದ್ದೇನೆ. ಎಡಗಡೆಯ ಸೀಟು ಖಾಲಿಯೇ ಇರುತ್ತದಲ್ಲ, ಅಲ್ಲೇ ಕೂಡಬಾರದೇ? ಮೊದಲ ದಿನ ಕೂಡಲು ಹೋಗಿದ್ದೆ. ಕಾಕಾ ನನ್ನ ಭುಜ ಹಿಡಿದು ಎಬ್ಬಿಸಿದ.

"ಅದು ನಿಮ್ಮ ಕಾಕುಂದು."

ಆ ಸೀಟಿನಲ್ಲಿ ಕಾಕುವನ್ನು ಕೂಡಿಸಿಕೊಂಡು ಒಂದು ಸಲ ಗಾಡಿ ಹೊಡೆಯಬೇಕು. ಕಾಕಾನಿಗೆ ಬೇಕಾಗಿದ್ದದ್ದು ಇಷ್ಟೇ. ಎರಡೇ ಸೀಟಿನ ಗಾಡಿ ಹುಡುಕಿಕೊಂಡು ಕೊಲ್ಲಾಪುರದವರೆಗೆ ಹೋದದ್ದೂ ಅದಕ್ಕೇ. ಕಾಕು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ಮೊದಲ ವರ್ಷ, "ನೆಲದ ಮ್ಯಾಲೆ ಕುಂಡ್ರೂದಾದ್ರ ಮನ್ಯಾಗ ಚಾಪಿ ಐತಿ" ಎಂದಳು. ಮರುವರ್ಷ, ಟಪ್ಪಿಲ್ಲ, ಸೆರಗು ಹಾರುತ್ತದೆ ಎಂದಳು. ಕಾಕಾ ಟಪ್ಪು ಹಾಕಿದ. ಟಪ್ಪು ಹಾಕಿದರೆ ಉಸಿರು ಕಟ್ಟುತ್ತದೆ ಎಂದಳು. ಕೊನೆಗೆ ಬಣ್ಣ ಕೆಂಪು, ಜನ ನೋಡುತ್ತಾರೆ ಎಂದಳು. "ಕುಂಕುಮನೂ ಕೆಂಪ ಐತಿ. ಹಚ್ಚಕೋತಿ ಇಲ್ಲೋ?" ಎಂದ ಕಾಕಾ. ಕಾಕು ಮೊರ ಎತ್ತಿಕೊಂಡು ಒಳಗೆ ಹೋದಳು.

ಸಂತೆಯ ದಿನ ಅವಳು ದೊಡವಾಡದಿಂದ ಬೈಲಹೊಂಗಲಕ್ಕೆ ಬಸ್ಸಿನಲ್ಲಿ ಹೋಗುತ್ತಿದ್ದಳು. ಕಾಕಾ ಏನು ಮಾಡುತ್ತಿದ್ದ ಗೊತ್ತೇ? ಬಸ್ಸಿನ ಹಿಂದೆ ಹಿಂದೆಯೇ ತನ್ನ ಗಾಡಿ ಹೊಡೆಯುತ್ತಿದ್ದ! ಬಸ್ಸು ನಿಂತಲ್ಲಿ ನಿಲ್ಲುವುದು, ಹೊರಟರೆ ಹೊರಡುವುದು. ಒಂದು ದಿನ ಕಂಡಕ್ಟರ್ ಬಾಗಿಲಿಗೆ ಜೋತುಬಿದ್ದು ಕೂಗಿದ.

"ಮಿಲ್ಟ್ರಿ ಕಾಕಾರ, ಮುಂದ ಹೋಗ್ರಿ! ನಮ್ಮ ಬಸ್ಸೇನು ಮಂತ್ರಿಗೋಳದ ಏನ್ರಿ, ಬೆಂಗಾವಲು ಬರಾಕ?"

"ನಿನ್ನ ಡ್ಯೂಟಿ ನೀ ಮಾಡು. ನಂದು ನಾ ಮಾಡ್ತೇನಿ."

ಕಾಕು ಒಂದು ಸಲವೂ ತಿರುಗಿ ನೋಡುತ್ತಿರಲಿಲ್ಲ. ಆದರೆ ಮುಂದೆ ಎಷ್ಟು ಸೀಟು ಖಾಲಿ ಇದ್ದರೂ ಕೂಡುತ್ತಿದ್ದದ್ದು ಕಟ್ಟಕಡೆಯ ಸೀಟಿನಲ್ಲಿ. ನಾನು ಇದನ್ನು ಗಮನಿಸಿದ್ದೆ, ಹೇಳಲು ಹೋಗಿರಲಿಲ್ಲ.

ಈ ಚಳಿಗಾಲದಲ್ಲಿ ಕಾಕಾ ಒಮ್ಮೆಲೇ ಗಾಡಿ ಮಾರುತ್ತೇನೆ ಎಂದ. ನಾನು ಚೇಷ್ಟೆ ಎಂದುಕೊಂಡೆ.

"ಯಾಕ ಕಾಕಾ?"

"ಐದು ವರ್ಷ ಒಂದು ಸೀಟು ಖಾಲಿ ಇಟಕೊಂಡು ಹೊಡದೆ. ಆಕಿಗೆ ಮನಸಿಲ್ಲ. ಇದು ಜುಲಮಿಲೆ ಮಾಡೂದಲ್ಲ. ಸಾಕು."

ಅವನ ಮಾತಿನಲ್ಲಿ ಎಂದಿನ ಗತ್ತಿರಲಿಲ್ಲ. ನನಗೆ ಬಹಳ ಕೆಟ್ಟದೆನಿಸಿತು.

ಮುಂದಿನ ರವಿವಾರ ಹುಬ್ಬಳ್ಳಿಯಿಂದ ಗಿರಾಕಿ ಬಂದ. ಕಪ್ಪು ಕನ್ನಡಕ, ಚೂಪು ಬೂಟು. "ಮೊಬೈಲಿನಾಗ ಎಲ್ಲಾ ನೋಡೇನ್ರಿ, ಇಂಥಾ ಗಾಡಿ ನನಗ ಹೊಸಾದಲ್ಲ" ಎನ್ನುತ್ತ ಸ್ಟೇರಿಂಗಿನ ಮುಂದೆ ಕೂತ. "ಮುಂದ ನಮ್ಮದ ಹುರಳಿ ಹರವೇವಿ. ಅಲ್ಲೆ ಹಗೂರಕ ಹೊಡೀರಿ" ಎಂದ ಕಾಕಾ. ಕಾಕು ರಸ್ತೆಯ ಬದಿಯಲ್ಲಿ ಮೊರ ಹಿಡಿದು ಹುರುಳಿ ತೂರುತ್ತಿದ್ದಳು. ನಾವಿಬ್ಬರೂ ಅವಳ ಹತ್ತಿರ ಹೋಗಿ ನಿಂತೆವು. ಗಿರಾಕಿ ಗಾಡಿ ಹೊಡೆದುಕೊಂಡು ಬಂದ. ಹಗುರ ಎಂಬ ಮಾತು ಮೊಬೈಲಿನಲ್ಲಿ ಇರಲಿಲ್ಲವೆಂದು ಕಾಣುತ್ತದೆ, ಹುರುಳಿಯ ಮೇಲೆ ಬಂದವನೇ ಗಪ್ಪನೆ ಎಕ್ಸಲೇಟರ್ ತುಳಿದ! ಗಾಡಿ ಎರಡು ಸುತ್ತು ಗರಗರ ತಿರುಗಿ, ಹಿಂದುಮುಂದಾಗಿ, ರಸ್ತೆಯಂಚಿನ ಹುರುಳಿ ರಾಶಿಯೊಳಗೆ ಹೋಗಿ ಕೂತಿತು. ಗಿರಾಕಿ ಕನ್ನಡಕವನ್ನು ಒಂದೇ ಕಿವಿಗೆ ನೇತುಹಾಕಿಕೊಂಡು ಹೊರಬಂದ.

"ಇದು ಗಾಡಿ ಅಲ್ರೀ, ಗಾಣ ಐತಿ!"

ಹೀಗೆಂದವನೇ ಸಿಕ್ಕ ಬಸ್ಸು ಹತ್ತಿ ಹೋದ. ಅವನಿಗೂ ಗಾಡಿಗೂ ಏನೂ ಆಗಿರಲಿಲ್ಲ. ಆದರೆ ಕಾಕುವಿನ ಮುಖ ಬಿಳಿಚಿಕೊಂಡಿತ್ತು. ಕೈಯಲ್ಲಿನ ಮೊರದಿಂದ ಕಾಳು ಸುರಿಯುತ್ತಿದ್ದದ್ದೂ ಅವಳಿಗೆ ಗೊತ್ತಿರಲಿಲ್ಲ.

ಗಾಡಿ ಹೊರಗೆ ತೆಗೆಯಬೇಕಲ್ಲ? ಕಾಕಾ ಸ್ಟೇರಿಂಗ್ ಹಿಡಿದ, ನಾನು ಹಿಂದೆ ನನ್ನ ಜಾಗದಲ್ಲಿ ಏರಿ ಕೂತೆ. ಗಾಲಿ ನಿಂತಲ್ಲೇ ತಿರುಗಿ ಹುರುಳಿ ನಾಲ್ಕೂ ದಿಕ್ಕಿಗೆ ಚಿಮ್ಮಿತು. "ಸಾಲಂಗಿಲ್ಲ. ಇನ್ನಷ್ಟು ಭಾರ ಬೇಕು" ಎಂದ ಕಾಕಾ. ನನ್ನ ತೊಂಬತ್ತೆರಡು ಕಿಲೋಗೆ ಇಂಥ ಅವಮಾನ ಹಿಂದೆಂದೂ ಆಗಿರಲಿಲ್ಲ! ಆಗ ಕಾಕು ಮೊರ ಕೆಳಗಿಟ್ಟಳು. ಸೀರೆಯ ಧೂಳು ಕೊಡವಿದಳು. ಎಡಗಡೆಯ ಬಾಗಿಲು ತೆಗೆದು ಮೆಲ್ಲಗೆ ಒಳಗೆ ಕೂತಳು.

"ಸವಾರಿಗಲ್ಲ ಮತ್ತ. ಭಾರಕ್ಕ ಕುಂತೇನಿ."

ಘಟ್ಟ, ಬರ್ಫು ಏನನ್ನೂ ಲೆಕ್ಕಿಸದ ನಮ್ಮ ಕಾಕಾ ಕ್ಲಚ್ಚಿನಿಂದ ಕಾಲು ಜಾರಿಸಿ ಗಾಡಿ ಬಂದ್ ಮಾಡಿಬಿಟ್ಟ! ಮತ್ತೆ ಚಾಲೂ ಮಾಡಿದ. ಈ ಸಲ ಗಾಲಿ ಕಚ್ಚಿತು. ಗಾಡಿ ಮೆಲ್ಲಗೆ ರಾಶಿಯಿಂದ ಹೊರಬಂದು, ಹರವಿದ ಹುರುಳಿಯ ಮೇಲೆ ಚರಚರ ಸದ್ದು ಮಾಡುತ್ತ ಊರಿನ ಕಡೆ ಹೊರಟಿತು. ಇಳಿ ಎಂದು ಕಾಕಾನೂ ಅನ್ನಲಿಲ್ಲ, ಇಳಿಯುತ್ತೇನೆ ಎಂದು ಕಾಕುವೂ ಅನ್ನಲಿಲ್ಲ.

ಮೇಲೆ ಕೂತ ನನಗೆ ಎಲ್ಲ ಕಾಣುತ್ತಿತ್ತು. ತಿರುವು ಬಂದಾಗೆಲ್ಲ ಕಾಕು ಬಲಗಾಲಿನಿಂದ ನೆಲವನ್ನು ಒತ್ತಿ ಒತ್ತಿ ಹಿಡಿಯುತ್ತಿದ್ದಳು. ಕಾಕಾನೂ ಅದನ್ನು ನೋಡಿದ.

"ಯಾಕ ಕಾಲು ಒತ್ತಾಕ ಹತ್ತಿ?"

"ಬ್ರೇಕ್."

"ಆ ಕಡೆ ಎಲ್ಲೈತಿ ಬ್ರೇಕ್? ಇದ್ರೂ ಇಂಥಾದ್ರಾಗ ಹಿಡೀಬಾರದು, ಗಾಡಿ ತಿರಗತೈತಿ. ಬಿಡು ಕಾಲು."

ಕಾಕು ಕಾಲು ಬಿಡಲಿಲ್ಲ. ದಾರಿಯನ್ನೇ ನೋಡುತ್ತ ಹೇಳಿದಳು.

"ಥಂಡಿ ಚಾಲೂ ಆತಂದ್ರ ನಿಮ್ಮ ಕಾಗದ ಬರೂದು ನಿಲ್ಲತಿತ್ತು. ಬರ್ಫ ಬಿದ್ದು ದಾರಿ ಬಂದ್ ಆಗೈತಿ ಅಂತಿದ್ರು. ನೀವು ಯಾವ ಘಟ್ಟದಾಗ ಅದೀರಿ, ಯಾವ ತಿರುವಿನಾಗ ಅದೀರಿ, ನನಗೇನ ಗೊತ್ತು? ಒಲಿ ಮುಂದ ಕುಂತು ರೊಟ್ಟಿ ಬಡಿಯೂವಾಗ ಕಾಲು ಒತ್ತತಿದ್ದೆ. ಇಪ್ಪತ್ತೆರಡು ವರ್ಷ ಒತ್ತೇನ್ರಿ. ನಿಮ್ಮ ಬಾಜೂಕ ಕುಂತ್ರ ಅದೆಲ್ಲಾ ಮತ್ತ ನೆಪ್ಪಾಗತೈತಿ ಅಂತ ಹೆದರಿ ಇದರಾಗ ಕುಂಡ್ರಲಿಲ್ಲ. ಈಗ ಬಿಡು ಅಂದ್ರ ಕಾಲು ಕೇಳತೈತೇನು?"

ಇಷ್ಟು ವರ್ಷ ಅವರಿಬ್ಬರನ್ನೂ ನೋಡಿ ನಕ್ಕವನು ನಾನು. ಹುರುಳಿ ಮುಗಿಯಿತು, ಬರಿಯ ಡಾಂಬರು ಬಂತು, ಆದರೂ ಕಾಕಾ ಗೇರು ಏರಿಸಲಿಲ್ಲ.

"ಒತ್ತು," ಎಂದ ಕೊನೆಗೆ. "ನಿನಗ ಬೇಕಾದಷ್ಟು ಒತ್ತು. ನಾ ಸಾವಕಾಶ ಹೊಡೀತೇನಿ."